ಖಾಲಿ ಜಾಗದ ಸುಳ್ಳು ಲೆಕ್ಕ

ಹಳೆಯ 486 ಮಶೀನುಗಳಲ್ಲಿ ಫೈಲ್ ಹಾಳಾದರೆ ನಾವು ವೈರಸ್ಸನ್ನೋ ಹಾರ್ಡ್‌ಡಿಸ್ಕನ್ನೋ ಬೈಯುತ್ತಿದ್ದೆವು. ಎಷ್ಟೋ ಸಲ ಬೈಸಿಕೊಳ್ಳಬೇಕಿದ್ದದ್ದು ಡಬಲ್‌ಸ್ಪೇಸ್.

1993ರಲ್ಲಿ ಎಂಎಸ್-ಡಾಸ್ 6.0 ಜೊತೆ ಮೈಕ್ರೋಸಾಫ್ಟ್ ಇದನ್ನು ಕೊಟ್ಟಿತು. ಹಾರ್ಡ್‌ಡಿಸ್ಕ್ ದುಬಾರಿಯಾಗಿದ್ದ ಕಾಲ. ಪುಕ್ಕಟೆಯಾಗಿ ಜಾಗ ಡಬಲ್ ಆಗುತ್ತೆ ಅಂದ್ರೆ ಯಾರಿಗೆ ಬೇಡ? ಸ್ಟ್ಯಾಕ್ ಕಂಪನಿ ಪೇಟೆಂಟ್ ಕೇಸು ಹಾಕಿದ್ದು, 1994ರಲ್ಲಿ ಜ್ಯೂರಿ ಅದಕ್ಕೆ 12 ಕೋಟಿ ಡಾಲರ್ ಕೊಡಿಸಿದ್ದು ಎಲ್ಲರಿಗೂ ನೆನಪಿದೆ. ನನ್ನ ತಕರಾರು ಬೇರೆ.

ಮೊದಲನೆಯದು, ಅದು ತೋರಿಸುತ್ತಿದ್ದ ಖಾಲಿ ಜಾಗ ಬರೀ ಅಂದಾಜು. ಹತ್ತಿಯನ್ನು ತುಳಿದು ತುಂಬಬಹುದು, ಜೋಳವನ್ನು ತುಳಿದರೆ ಚೀಲ ಹಿಗ್ಗೀತೇ? ಟೆಕ್ಸ್ಟ್ ಫೈಲು ಹತ್ತಿ, ಜಿಪ್ ಫೈಲು ಜೋಳ. ಡಬಲ್‌ಸ್ಪೇಸ್ ಎಲ್ಲವನ್ನೂ ಹತ್ತಿ ಅಂತಲೇ ಲೆಕ್ಕ ಹಾಕುತ್ತಿತ್ತು. ರೇಶಿಯೋ ಎಂಬ ಸೆಟ್ಟಿಂಗ್ ಏರಿಸಿದರೆ ಖಾಲಿ ಜಾಗದ ಅಂಕಿಯೂ ಏರುತ್ತಿತ್ತು, ಡಿಸ್ಕಿನಲ್ಲಿ ಒಂದು ಬೈಟೂ ಹೆಚ್ಚದೆ!

ಎರಡನೆಯದು ಇನ್ನೂ ಕೆಟ್ಟದ್ದು. ಇಡೀ ಸಿ ಡ್ರೈವ್ ನಿಜವಾಗಿ ಇದ್ದದ್ದು ಡಿಬಿಎಲ್‌ಸ್ಪೇಸ್.000 ಎಂಬ ಒಂದೇ ಗುಪ್ತ ಫೈಲಿನೊಳಗೆ. ಓದುವಾಗ ಗೆಳೆಯನ ಸೆಕೆಂಡ್‌ಹ್ಯಾಂಡ್ ಮಶೀನನ್ನು ನಾನು ಡಾಸ್ 5ರ ಫ್ಲಾಪಿಯಿಂದ ಬೂಟ್ ಮಾಡಿದೆ. ಡಾಸ್ 5ಕ್ಕೆ ಕಂಪ್ರೆಶನ್ ಗೊತ್ತಿಲ್ಲ. ಡೈರೆಕ್ಟರಿ ನೋಡಿದರೆ ಫೈಲೂ ಇಲ್ಲ, ಜಾಗವೂ ಇಲ್ಲ. ಗುಪ್ತ ಫೈಲ್ ಒಂದು ದೈತ್ಯನಂತೆ ಕೂತಿತ್ತು. ವೈರಸ್ಸೇ ಇರಬೇಕು ಅಂತ ಆಟ್ರಿಬ್ ಹೊಡೆದು ಅಳಿಸಿದೆ. ಖಾಲಿಯಾದ ಜಾಗಕ್ಕೆ ಬೇರೆ ಫೈಲುಗಳನ್ನೂ ತುಂಬಿದೆ. ಅವನ ಪ್ರಾಜೆಕ್ಟ್ ರಿಪೋರ್ಟ್ ಅದರೊಳಗಿತ್ತು.

ತಪ್ಪು ನನ್ನದೇ, ಇಲ್ಲ ಅನ್ನಲ್ಲ. ಆದರೆ ಬಳಸುವವನು ಒಮ್ಮೆ ಎಡವಿದರೆ ಸರ್ವಸ್ವವೂ ಹೋಗುವಂತೆ ಕಟ್ಟಿ, ಆ ಫೈಲಿಗೆ ಅರ್ಥವಾಗದ ಹೆಸರಿಟ್ಟವರ ಪಾಲೂ ಇದೆಯಲ್ಲ?

ಆಮೇಲೆ ಬಂದ 6.2ರಲ್ಲಿ ಸ್ಕ್ಯಾನ್‌ಡಿಸ್ಕ್ ಬಂತು, ಕಂಪ್ರೆಶನ್ ಬಿಚ್ಚುವ ಆಯ್ಕೆ ಬಂತು. ಅಂದ್ರೆ 6.0ರಲ್ಲಿ ಒಳಗೆ ಹೋಗುವ ಬಾಗಿಲಿತ್ತು, ಹೊರಗೆ ಬರುವ ಬಾಗಿಲೇ ಇರಲಿಲ್ಲ. ಜಾಗ ಉಳಿಸುವ ಸಾಫ್ಟ್‌ವೇರ್‌ಗೆ ನಾನು ಮೊದಲು ಕೇಳುವ ಪ್ರಶ್ನೆ ಈಗ ಅದೇ: ವಾಪಸ್ ಬರೋದು ಹೇಗೆ?

ಅಂಥ ಹಳೆಯ ಡಿಸ್ಕ್ ಇವತ್ತು ಕೈಗೆ ಸಿಕ್ಕರೆ ರಿಪೇರಿಗೆ ಮುಂಚೆ ಆ ಗುಪ್ತ ಫೈಲನ್ನು ಹಾಗೇ ಬೇರೆಡೆ ಕಾಪಿ ಮಾಡಿಟ್ಟುಕೊಳ್ಳಿ.

ಗೆಳೆಯ ರಿಪೋರ್ಟನ್ನು ಮತ್ತೆ ಟೈಪ್ ಮಾಡಿದ. ಹಾರ್ಡ್‌ಡಿಸ್ಕ್ ಕೆಟ್ಟಿತ್ತು ಅಂತ ಹೇಳಿದ್ದೆ. ಇವತ್ತಿಗೂ ಅವನು ಹಾಗೇ ನಂಬಿದ್ದಾನೆ.