ಜಟಿಂಗ ರಾಮೇಶ್ವರ: ಕಥೆಯೂ ಶಾಸನವೂ

ಕ್ಷೇತ್ರದರ್ಶನಕ್ಕೆ ಹೋದ ಭಕ್ತರು ಸ್ಥಳಪುರಾಣವನ್ನು ಕೇಳಿ, ಕೈಮುಗಿದು ಹಿಂದಿರುಗುತ್ತಾರೆ. ಇತಿಹಾಸ ಬಲ್ಲವರು ಶಾಸನವನ್ನು ನೋಡಿ, ಪುರಾಣವನ್ನು ಕಟ್ಟುಕಥೆಯೆಂದು ತಳ್ಳಿಹಾಕುತ್ತಾರೆ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಈ ಎರಡು ದೃಷ್ಟಿಗಳೂ ಅಪೂರ್ಣವೆಂಬುದು ಸ್ಪಷ್ಟವಾಗುತ್ತದೆ.

ಸೀತೆಯನ್ನು ಒಯ್ಯುತ್ತಿದ್ದ ರಾವಣನನ್ನು ತಡೆದ ಜಟಾಯುವು ಬಿದ್ದದ್ದು ಇಲ್ಲಿಯೇ ಎಂಬುದು ಸ್ಥಳೀಯರ ನಂಬಿಕೆ. ಅದೇ ಬೆಟ್ಟದ ಬಂಡೆಯೊಂದರಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನವಿದೆ. ಇದನ್ನೂ ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಬ್ರಹ್ಮಗಿರಿಯ ಪಾಠದಿಂದ ಅದರ ಬೋಧೆ ತಿಳಿದುಬರುತ್ತದೆ: ತಾಯಿತಂದೆಗಳ ಸೇವೆ, ಜೀವಿಗಳಲ್ಲಿ ದೃಢವಾದ ದಯೆ, ಸತ್ಯವಚನ, ಗುರುಗಳಲ್ಲಿ ಗೌರವ.

ಶಾಸನ ಬೌದ್ಧ ಅರಸನದು, ಕ್ಷೇತ್ರ ಶೈವರದು. ಆದರೂ ಶ್ರಾವಕನಿಗೆ ಇಲ್ಲಿ ಕಲಿಯುವುದಿದೆ. ದಯೆ ಇದ್ದರಷ್ಟೇ ಸಾಲದು, ಅದು ದೃಢವಾಗಿರಬೇಕು ಎಂಬ ಮಾತು ವಿಚಾರಯೋಗ್ಯ. ನಷ್ಟವಿಲ್ಲದಾಗ ತೋರುವ ಕನಿಕರ ದೃಢವಾದುದಲ್ಲ. ಆದರೆ ರಾಜಾಜ್ಞೆಯು ದೃಢತೆಯನ್ನು ವಿಧಿಸಬಲ್ಲುದೇ ಹೊರತು ಅದರ ರೂಪವನ್ನು ಕಾಣಿಸಲಾರದು. ಕಾಣಿಸುವುದು ಜಟಾಯುವಿನ ಕಥೆ. ವಿಮಲಸೂರಿಯ ‘ಪಉಮಚರಿಯ’ದಲ್ಲಿ ಜಟಾಯುವು ಮುನಿಗಳ ದರ್ಶನದಿಂದ ಪೂರ್ವಜನ್ಮವನ್ನು ಸ್ಮರಿಸಿ ಶ್ರಾವಕವ್ರತಗಳನ್ನು ಸ್ವೀಕರಿಸಿದ ಪಕ್ಷಿ. ವ್ರತ ಹಿಡಿದ ಆ ಜೀವವೇ ಅನ್ಯಾಯದೆದುರು ರೆಕ್ಕೆ ಬಿಚ್ಚಿತು. ಅಹಿಂಸೆಯೆಂದರೆ ಕಣ್ಣುಮುಚ್ಚಿ ಕೂರುವುದೆಂದು ಆಕ್ಷೇಪಿಸುವವರಿಗೆ ಇದಕ್ಕಿಂತ ಉತ್ತರ ಬೇಕಿಲ್ಲ. ಸಂಕಲ್ಪಹಿಂಸೆಯನ್ನು ಗೃಹಸ್ಥನಿಗೆ ನಿಷೇಧಿಸಿದ ನಮ್ಮ ಧರ್ಮವು, ರಕ್ಷಣೆಯ ಸಂದರ್ಭದಲ್ಲಿ ಒದಗುವ ವಿರೋಧಿಹಿಂಸೆಯನ್ನು ಬೇರೆಯಾಗಿಯೇ ಎಣಿಸಿದೆ.

ಕಥೆಗೂ ಒಂದು ಮಿತಿಯಿದೆ. ಜಟಾಯುವನ್ನು ಪೂಜ್ಯನನ್ನಾಗಿ ಮಾಡಿ, ‘ಅದು ನಮ್ಮಿಂದಾಗುವ ಕೆಲಸವಲ್ಲ’ ಎಂದು ನಾವು ನುಣುಚಿಕೊಳ್ಳಬಹುದು. ಶಾಸನವು ಈ ನೆಪಕ್ಕೆ ಎಡೆಗೊಡುವುದಿಲ್ಲ. ಸಾಮಾನ್ಯರೂ ದೊಡ್ಡವರೂ ಸಮಾನವಾಗಿ ಧರ್ಮದಲ್ಲಿ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಆ ಬಂಡೆಗೆ ‘ಬಳೆಗಾರರ ಗುಂಡು’ ಎಂದು ಹೆಸರು. ಹಿಂದೆ ಜಾತ್ರೆಯಲ್ಲಿ ಬಳೆ ಮಾರುವವರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಅಕ್ಷರಗಳು ಬಹಳವಾಗಿ ಸವೆದಿವೆ. ಆ ಬಡ ವ್ಯಾಪಾರಿಗಳನ್ನು ದೂರಿ ಫಲವಿಲ್ಲ. ಕಾಲಡಿಯಲ್ಲಿ ಏನು ಬರೆದಿದೆಯೆಂದು ಅವರಿಗೆ ತಿಳಿಸಿದವರಾರು? ಓದಬಲ್ಲವರ ಉದಾಸೀನವೂ ಅಕ್ಷರವನ್ನು ಅಳಿಸುತ್ತದೆ. ಯಾತ್ರೆಗಳನ್ನು ಏರ್ಪಡಿಸುವ ನಮ್ಮ ಬಸದಿಗಳ ಟ್ರಸ್ಟುಗಳು ಚಳ್ಳಕೆರೆ, ಮೊಳಕಾಲ್ಮೂರುಗಳ ದಾರಿಯಲ್ಲಿ ಈ ಬೆಟ್ಟವನ್ನೂ ಸೇರಿಸಿಕೊಳ್ಳಲಿ. ಶಾಸನದ ಸಾರವನ್ನು ತಿಳಿಗನ್ನಡದಲ್ಲಿ ಮುದ್ರಿಸಿ ಹಂಚಲಿ. ಮಕ್ಕಳಿಗೆ ಮೊದಲು ಕಥೆಯನ್ನು ಹೇಳಿ, ಅನಂತರ ಅವರನ್ನು ಬಂಡೆಯ ಬಳಿಗೆ ಕರೆದೊಯ್ಯುವುದು ಹಿರಿಯರ ಕರ್ತವ್ಯ.