ದನಿ ಕೇಳಿ ಕೊಟ್ಟ ಪಾತ್ರ

ಹಳೆಯ ಸಂಗೀತ ನಾಟಕವೊಂದನ್ನು ಮತ್ತೆ ರಂಗಕ್ಕೆ ತರುವಾಗ ನಾಯಕಿಯ ಪಾರ್ಟು ಗಂಡಸಿಗೆ ಹೋದರೆ, ರಾಜನ ಪಾರ್ಟು ಹೆಣ್ಣುಮಗಳಿಗೆ ಬಂದರೆ, ಈಗಿನ ಕರಪತ್ರಗಳು ಅದನ್ನು ‘ವಿನೂತನ ಪ್ರಯೋಗ’ ಎಂದು ಅಚ್ಚು ಹಾಕಿಸುತ್ತವೆ. ಧಾರವಾಡ ಸೀಮೆಯ ರಂಗಭೂಮಿಯನ್ನು ಸ್ವಲ್ಪ ಬಲ್ಲವರಿಗೂ ಇದನ್ನು ಓದಿ ನಗು ಬಂದೀತು. ಈ ಕಡೆ ಅದು ಮೂರು ತಲೆಮಾರು ನಡೆದುಬಂದ ರೂಢಿ. ಕುಂದಗೋಳ, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಗಳ ನಡುವೆ ಗಾಡಿ ಕಟ್ಟಿಕೊಂಡು ತಿರುಗಿದ ಕಂಪನಿಗಳು ಪಾತ್ರ ಹಂಚುವಾಗ ಮುಖಕ್ಕಿಂತ ಮೊದಲು ದನಿಯನ್ನು ಪರೀಕ್ಷಿಸುತ್ತಿದ್ದವು. ಆ ಪದ್ಧತಿ ಕಲಾವಿದನಿಗೆ ಕೊಟ್ಟ ಸ್ವಾತಂತ್ರ್ಯ ದೊಡ್ಡದು. ಅದರ ಮರೆಯಲ್ಲಿ ನಡೆದ ಅನ್ಯಾಯವೂ ಸಣ್ಣದಲ್ಲ. ಇವತ್ತು ಹಳೆಯ ನಾಟಕಗಳಿಗೆ ಮತ್ತೆ ಬಣ್ಣ ಹಚ್ಚುವವರು ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮರೆಯುತ್ತಾರೆ ಎಂಬುದೇ ನನ್ನ ತಕರಾರು.

ಕುಂದಗೋಳದಿಂದಲೇ ಶುರುಮಾಡೋಣ. ಸವಾಯಿ ಗಂಧರ್ವರೆಂದು ನಾಡು ಬಲ್ಲ ರಾಮಭಾವು ಕುಂದಗೋಳಕರ (1886–1952) ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. ತಾಲೀಮಿನಲ್ಲಿ ಪಳಗಿದ ಶಿಷ್ಯ ನಾಟಕ ಕಂಪನಿ ಸೇರಿದ್ದು ಗುರುವಿಗೆ ಒಪ್ಪಿಗೆಯಾಗಲಿಲ್ಲ. ಆದರೂ ರಾಮಭಾವು ಮರಾಠಿ ಸಂಗೀತ ರಂಗಭೂಮಿಯಲ್ಲಿ ವರ್ಷಗಟ್ಟಲೆ ಉಳಿದರು. ‘ಸೌಭದ್ರ’ದ ಸುಭದ್ರೆ ಅವರಿಗೆ ಹೆಸರು ತಂದ ಪಾತ್ರ. ಆ ನಾಟಕಕ್ಕೂ ಈ ಮಣ್ಣಿಗೂ ನಂಟುಂಟು. ಅದನ್ನು 1882ರಲ್ಲಿ ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ಪದಗಳಲ್ಲಿ ಕನ್ನಡದ ಮಟ್ಟುಗಳು ಧಾರಾಳವಾಗಿ ಸೇರಿಕೊಂಡಿವೆ. ಅಣ್ಣ ಬಲರಾಮ ಗೊತ್ತುಮಾಡಿದ ವರ ಬೇಡವೆಂದು ಕೊರಗುವ ಹೆಣ್ಣಿನ ಅಳಲನ್ನು ಕುಂದಗೋಳದ ಗಂಡುಮಗನೊಬ್ಬ ಸೀರೆಯುಟ್ಟು ಹಾಡುತ್ತಿದ್ದ. ಜನ ಆ ಹಾಡಿಗೆ ‘ವನ್ಸ್ ಮೋರ್’ ಎಂದು ಕೂಗುತ್ತಿದ್ದರು. ರಾಮಭಾವು ಅವರದು ಹುಟ್ಟಾ ಇಂಪಿನ ದನಿಯೂ ಅಲ್ಲ. ಹರೆಯದಲ್ಲಿ ಒಡೆದು ಒರಟಾದ ಕಂಠವನ್ನು ಸಾಧನೆಯಿಂದ ಹದಕ್ಕೆ ತಂದವರು ಅವರು. ಅವರ ಸುಭದ್ರೆಯಲ್ಲಿ ಪ್ರೇಕ್ಷಕರು ಒಪ್ಪಿದ್ದು ಹೆಣ್ಣಿನ ಹೋಲಿಕೆಯನ್ನಲ್ಲ, ಸ್ವರದಲ್ಲಿ ಮೂಡಿದ ಅವಳ ಸಂಕಟವನ್ನು.

ಕಂಪನಿಗಳು ಹೀಗೆ ಮಾಡಿದ್ದಕ್ಕೆ ತತ್ತ್ವಕ್ಕಿಂತ ಹೊಟ್ಟೆಪಾಡು ದೊಡ್ಡ ಕಾರಣ. ಮೈಕು ಇಲ್ಲದ ಕಾಲ. ತಗಡಿನ ಥೇಟರಿನಲ್ಲಿ, ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತು ಕಡಿಮೆ ದರದ ತಿಕೀಟು ಕೊಂಡವನ ಕಿವಿಗೂ ಪದ ಮುಟ್ಟಬೇಕು. ಒಂದೇ ರಾತ್ರಿಗೆ ಹತ್ತಾರು ಪದ, ಮರುದಿನ ಮತ್ತೆ ಅಷ್ಟೇ. ಅದನ್ನು ತಾಳುವ ಕಂಠ ಯಾರಲ್ಲಿದೆಯೋ ಅವರಿಗೇ ಪಾರ್ಟು. ಉಳಿದದ್ದನ್ನು ಸೀರೆ, ಸವರಿ, ಬಣ್ಣ ನೋಡಿಕೊಳ್ಳುತ್ತಿದ್ದವು. ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿ ಮನಸೂರಿನ ಹುಡುಗ ಮಲ್ಲಿಕಾರ್ಜುನನನ್ನು (1910–1992) ಎತ್ತಿಕೊಂಡದ್ದೂ ಕಂಠ ನೋಡಿಯೇ. ಪ್ರಹ್ಲಾದ, ಧ್ರುವ, ನಾರದ ಹೀಗೆ ಹುಡುಗನ ದನಿಗೆ ಒಗ್ಗುವ ಪಾತ್ರಗಳೆಲ್ಲ ಆತನ ಪಾಲಿಗೆ ಬಂದವು. ಕುಂದಗೋಳ ತಾಲ್ಲೂಕಿನ ಯಲಿವಾಳದ ಬಸವರಾಜ ರಾಜಗುರು ಅವರೂ ಹುಡುಗರಾಗಿದ್ದಾಗ ಇದೇ ವಾಮನರಾಯರ ಕಂಪನಿ ಸೇರಿದ್ದರು. ಸವದತ್ತಿ ಕಡೆಯ ಏಣಗಿ ಬಾಳಪ್ಪ ರಂಗಕ್ಕೆ ಕಾಲಿಟ್ಟಾಗ ಸ್ತ್ರೀಪಾತ್ರಗಳನ್ನೇ ಮಾಡಿದರು. ಮುಂದೆ ತಮ್ಮದೇ ಕಲಾವೈಭವ ನಾಟ್ಯ ಸಂಘ ಕಟ್ಟಿ ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾಗಿ ಜನರ ಮನಸ್ಸಿನಲ್ಲಿ ನಿಂತರು. ದನಿ ಒಡೆದ ದಿನ ಹುಡುಗನ ಪಾರ್ಟು ಮುಗಿಯಿತು, ದನಿ ಪಕ್ವವಾದ ದಿನ ಹೊಸ ಪಾರ್ಟು ಬಂತು. ನಟನ ರಂಗಾಯುಷ್ಯವನ್ನು ಅಳೆದದ್ದು ಗಂಟಲು.

ಈ ತರ್ಕವನ್ನು ಅದರ ತುದಿಯವರೆಗೆ ಒಯ್ದದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಆಶ್ರಮದ ಅನ್ನದಾಸೋಹಕ್ಕೆ ಆಸರೆಯಾಗಲೆಂದು ನಾಟಕ ಕಂಪನಿ ನಡೆಸಿದರು. ಅದರಲ್ಲಿ ಕಣ್ಣಿಲ್ಲದ ಕಲಾವಿದರೇ ಬಣ್ಣ ಹಚ್ಚಿ ಪಾತ್ರ ಮಾಡಿದರು. ಎದುರಿನವನ ಮುಖವನ್ನು ಕಾಣದ ನಟ ಅವನ ಮಾತು ಎಲ್ಲಿಂದ ಬರುತ್ತದೆ ಎಂಬುದನ್ನು ಕೇಳಿಯೇ ತಾನು ತಿರುಗಬೇಕಾದ ದಿಕ್ಕನ್ನು ಹಿಡಿಯಬೇಕು. ಇವತ್ತು ಪಟ್ಟಣದ ತಂಡವೊಂದು ಅಂಧ ನಟನಿಗೆ ಕಣ್ಣುಳ್ಳವನ ಪಾತ್ರ ಕೊಟ್ಟರೆ ಅದರ ಮೇಲೆ ವಿಚಾರ ಸಂಕಿರಣ ನಡೆದೀತು. ಗದಗಿನಲ್ಲಿ ಅದು ಸಂಜೆಯ ಆಟ, ಮರುದಿನದ ಊಟಕ್ಕೆ ದುಡಿಮೆ. ದನಿ ಕೇಳಿ ಪಾತ್ರ ಕೊಡುವ ಪದ್ಧತಿಯ ಅತ್ಯಂತ ಉದಾರವಾದ ಮುಖ ಇದೇ. ಇದನ್ನು ಕರುಣೆಯ ಕಥೆಯಾಗಿ ಹೇಳುವುದು ತಪ್ಪು. ಹಾಡುಗಾರಿಕೆಯ ಲೆಕ್ಕದಲ್ಲಿ ಆ ನಟರು ತಮ್ಮ ಪಾತ್ರಕ್ಕೆ ಅರ್ಹರಾಗಿದ್ದರು.

ಈಗ ಇನ್ನೊಂದು ಮಗ್ಗುಲು. ದನಿಯೇ ಪ್ರಮಾಣವಾಗಿದ್ದರೆ, ಹೆಣ್ಣಿನ ದನಿಯನ್ನು ಹೆಣ್ಣಿನ ಪಾತ್ರಕ್ಕೆ ಮೊದಲೇ ಯಾಕೆ ಕರೆಯಲಿಲ್ಲ? ಈ ಪ್ರಶ್ನೆಯ ಮುಂದೆ ಕಂಪನಿ ಯುಗದ ಹೊಗಳಿಕೆಗಳು ತಡವರಿಸುತ್ತವೆ. ಸ್ತ್ರೀಪಾತ್ರಧಾರಿ ಗಂಡಸಿಗೆ ಸಿಕ್ಕ ಚಪ್ಪಾಳೆಯ ಹಿಂದೆ ಮನೆಯ ಹೆಣ್ಣುಮಕ್ಕಳನ್ನು ರಂಗದ ಹತ್ತಿರ ಬಿಡದ ಕಟ್ಟುಪಾಡು ನಿಂತಿತ್ತು. ರಂಗಕ್ಕೆ ಬಂದ ಹೆಂಗಸರು ಹೆಚ್ಚಾಗಿ ಹಾಡು–ಕುಣಿತವೇ ಕಸುಬಾಗಿದ್ದ ಮನೆತನಗಳವರು. ಅವರ ಹಾಡಿಗೆ ತಲೆದೂಗಿದ ಸಮಾಜ ಅವರ ಬದುಕಿಗೆ ಮರ್ಯಾದೆ ಕೊಡಲು ಹಿಂದೆಗೆಯಿತು. ಆ ಇಕ್ಕಟ್ಟಿನಲ್ಲೂ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ಕಂಪನಿ ಕಟ್ಟಿದರು. ಅಲ್ಲಿ ಗಂಡಿನ ಪಾತ್ರಕ್ಕೂ ಹೆಂಗಸರೇ ಬಣ್ಣ ಹಚ್ಚಿದರು. ಗಂಡಸು ಸುಭದ್ರೆಯಾದದ್ದನ್ನು ಕಲೆಯ ಶಿಖರವೆಂದು ಬರೆದ ಲೇಖನಿಗಳು ಹೆಂಗಸು ಅರ್ಜುನನಾದ ಸಾಲಿಗೆ ಬಂದಾಗ ಬೇಗ ಪುಟ ತಿರುವಿವೆ.

ಈ ಅಸಮತೆ ತಿರುಗುಮುರುಗಾದ ಗಳಿಗೆಯೊಂದು ಮರಾಠಿ ರಂಗದಲ್ಲಿ ಸಿಗುತ್ತದೆ. ಅದರ ನಾಯಕಿ ನಮ್ಮ ಬೀಳಗಿಯ ಗೋಹರ ಕರ್ನಾಟಕಿ. ಸ್ತ್ರೀಪಾತ್ರಗಳ ಚಕ್ರವರ್ತಿ ಎನಿಸಿದ್ದ ಬಾಲಗಂಧರ್ವರಿಗೆ (1888–1967) ವಯಸ್ಸಾಗಿ, ಕಂಪನಿ ಸಾಲದಲ್ಲಿ ಸೊರಗಿದಾಗ, 1930ರ ದಶಕದ ಕೊನೆಯಲ್ಲಿ ಗೋಹರಬಾಯಿ ಅವರ ಜೊತೆಗೂಡಿದರು. ಅವರು ನಾಯಕಿಯ ಪಾತ್ರಗಳನ್ನು ವಹಿಸಿಕೊಂಡರು, ಬಾಲಗಂಧರ್ವರು ಗಂಡುಪಾತ್ರಕ್ಕೆ ಬಂದರು. ಗೋಹರಬಾಯಿಯ ಗಾಯನ ಬಾಲಗಂಧರ್ವರ ಗಾಯಕಿಯನ್ನೇ ಹೋಲುತ್ತಿತ್ತು. ಹೆಣ್ಣುದನಿಯನ್ನು ಗಂಡಸು ರಂಗಕ್ಕಾಗಿ ರೂಪಿಸಿದ, ಆ ರೂಪವನ್ನು ಹೆಣ್ಣುಮಗಳು ಮರಳಿ ಕಲಿತಳು. ಮರಾಠಿ ರಸಿಕರಲ್ಲಿ ಹಲವರಿಗೆ ಇದು ಸಹಿಸಲಾಗದ ಬದಲಾವಣೆ ಅನ್ನಿಸಿತು. ಅವರ ಮನಸ್ಸಿನಲ್ಲಿ ಸೀರೆಯುಟ್ಟ ಗಂಡಸೇ ನಿಜವಾದ ನಾಯಕಿಯಾಗಿ ನೆಲೆಯೂರಿದ್ದ. ನಿಜವಾದ ಹೆಂಗಸು ಬಂದಾಗ ಅವಳೇ ವಿಚಿತ್ರವಾಗಿ ಕಂಡಳು. ರೂಢಿ, ಅಪರೂಪ ಎಂಬ ಮಾತುಗಳು ಎಷ್ಟು ಬೇಗ ಜಾಗ ಬದಲಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕುಂದಗೋಳದಲ್ಲೂ ಇಂಥದೇ ಜೋಡಿಯೊಂದಿದೆ. ಅದು ನಾಟಕದ ಪುಟಗಳಲ್ಲಿ ಬರುವುದಿಲ್ಲ. ರಂಗ ಬಿಟ್ಟು ಊರಿಗೆ ಮರಳಿದ ಸವಾಯಿ ಗಂಧರ್ವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ (1913–2009) ಹುಬ್ಬಳ್ಳಿಯಿಂದ ರೈಲು ಹಿಡಿದು ಬರುತ್ತಿದ್ದರು. ಮೊದಲ ಧ್ವನಿಮುದ್ರಿಕೆಗಳಲ್ಲಿ ಎಳೆಯದಾಗಿ, ಮೇಲಿನ ಸ್ಥಾಯಿಯಲ್ಲಿ ಕೇಳುವ ಅವರ ದನಿ, ಗಂಟಲಿನ ಚಿಕಿತ್ಸೆಯ ನಂತರ ಆಳಕ್ಕಿಳಿದು ಗಂಡುದನಿಯಷ್ಟು ಗಂಭೀರವಾಯಿತು. ಹೆಣ್ಣಾಗಿ ಹಾಡಿದ ಗುರು, ಗಂಡಿನ ಗಾಂಭೀರ್ಯದ ದನಿಯ ಶಿಷ್ಯೆ. ಇಬ್ಬರನ್ನೂ ಸಂಗೀತ ಒಪ್ಪಿಕೊಂಡಿತು. ಆದರೆ ಗುರುವಿಗೆ ರಂಗ ಹೆಸರು ತಂದುಕೊಟ್ಟಿತು, ಶಿಷ್ಯೆಯ ದಾರಿ ಕಛೇರಿಯ ಕಡೆಗೇ ಸಾಗಿತು. ಕಂಠಕ್ಕೆ ಲಿಂಗಭೇದವಿಲ್ಲ ಎಂದು ಈ ಸೀಮೆಯ ಸಂಗೀತ ಸಿದ್ಧಮಾಡಿ ತೋರಿಸಿದೆ. ರಂಗ ಮಾತ್ರ ಆ ಪಾಠವನ್ನು ಅರ್ಧಕ್ಕೇ ನಿಲ್ಲಿಸಿತು.

ಮರುಪ್ರಯೋಗಗಳಿಗೆ ಬರೋಣ. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣರಂಥ ಪಾತ್ರಗಳನ್ನು ತಾವೇ ವಹಿಸಿದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ಅಜ್ಜ ಹೆಸರು ಮಾಡಿದ ಕಳ್ಳನ ಪಾತ್ರಕ್ಕೆ ತಾವೇ ಇಳಿದರು. ಇಬ್ಬರೂ ಗೆದ್ದರು. ಮೀಸೆ ಹಚ್ಚಿದ್ದರಿಂದ ಗೆಲುವು ಬರಲಿಲ್ಲ. ಆ ಪಾತ್ರದ ಪದಗಳನ್ನು ಹೊರುವ ಕಂಠಬಲ, ಮಾತಿನ ಏಟು, ಸಭೆಯನ್ನು ಹಿಡಿದಿಡುವ ಲಯ ಅವರಲ್ಲಿತ್ತು. ಜಯಶ್ರೀ ಅವರ ಕಳ್ಳನಲ್ಲಿ ಇನ್ನೊಂದು ಲಾಭವೂ ಆಯಿತು. ಕಥೆಯೊಳಗೇ ನಾಯಕಿ ಗಂಡುವೇಷ ಹಾಕುವ ನಾಟಕದಲ್ಲಿ ಗಂಡುಪಾತ್ರವನ್ನು ಹೆಂಗಸು ಮಾಡಿದಾಗ ವೇಷವೆಂಬುದೇ ಎರಡು ಪದರಿನದಾಗುತ್ತದೆ. ಪಾತ್ರಹಂಚಿಕೆ ಕಥೆಯ ಒಳಗಿನದೇನನ್ನೋ ಎತ್ತಿ ತೋರಿಸಿದಾಗ ಅದಕ್ಕೆ ಅರ್ಥವುಂಟು. ಇಲ್ಲವಾದರೆ ಅದು ಕರಪತ್ರಕ್ಕೆ ಸಿಕ್ಕ ಒಂದು ಸಾಲು, ಅಷ್ಟೇ.

ಹೊಸ ತಂಡಗಳು ಎಡವುವ ಜಾಗ ಪೇಟಿಯ (ಹಾರ್ಮೋನಿಯಂ) ಮುಂದೆಯೇ ಗೊತ್ತಾಗುತ್ತದೆ. ಗಂಡಸರ ಪಟ್ಟಿ, ಅಂದರೆ ಷಡ್ಜ ಹಿಡಿಯುವ ಮನೆ, ಸಾಮಾನ್ಯವಾಗಿ ಕಾಳಿ ಒಂದು, ಪೇಟಿಯ ಮೊದಲ ಕಪ್ಪು ಮನೆ. ಹೆಂಗಸರದು ಕಾಳಿ ನಾಲ್ಕು ಅಥವಾ ಐದು. ನಾಯಕ–ನಾಯಕಿಯ ಜೋಡಿಪದ ಬಂದಾಗ ಅನುಭವಿ ಪೇಟಿ ಮಾಸ್ತರ ಕಾಳಿ ಒಂದರ ಪಂಚಮವನ್ನೇ ಕಾಳಿ ನಾಲ್ಕರ ಷಡ್ಜ ಮಾಡಿಕೊಂಡು, ಎರಡು ಸಾಲಿನ ನಡುವೆ ಒಂದು ಸಣ್ಣ ತುಣುಕು ನುಡಿಸಿ ಗಾಯಕಿಯನ್ನು ಎತ್ತಿಕೊಳ್ಳುತ್ತಾನೆ. ನೋಡುವವರಿಗೆ ಅದು ತಿಳಿಯುವುದೇ ಇಲ್ಲ. ನಾಯಕಿಯ ಪಾತ್ರ ಗಂಡಸಿಗೆ ಹೋದಾಗ ಇಡೀ ಲೆಕ್ಕ ಬದಲಾಗಬೇಕು. ಇಬ್ಬರೂ ಒಂದೇ ಪಟ್ಟಿಗೆ ಇಳಿದರೆ ಸವಾಲು–ಜವಾಬಿನ ಬಣ್ಣ ಕಳೆಯುತ್ತದೆ. ನಟ ಹೆಣ್ಣಿನ ಪಟ್ಟಿಗೇ ಏರಿದರೆ ಕಳ್ಳದನಿ ಕೇಳುತ್ತದೆ. ರಾಮಭಾವು, ಬಾಲಗಂಧರ್ವರು ಈ ಇಕ್ಕಟ್ಟನ್ನು ವರ್ಷಗಳ ರಿಯಾಜಿನಿಂದ ದಾಟಿದರು. ಇವತ್ತಿನ ನಿರ್ದೇಶಕರಲ್ಲಿ ಅನೇಕರು ಮೊದಲೇ ಮುದ್ರಿಸಿದ ಟ್ರ್ಯಾಕ್ ಹಾಕಿ ದಾಟುತ್ತಾರೆ. ನಟ ತುಟಿ ಆಡಿಸುತ್ತಾನೆ, ದನಿ ಪೆಟ್ಟಿಗೆಯಿಂದ ಬರುತ್ತದೆ. ದನಿಗಾಗಿಯೇ ಹುಟ್ಟಿದ ಪದ್ಧತಿಯನ್ನು ದನಿಯನ್ನೇ ಕಿತ್ತುಹಾಕಿ ಮರುಸ್ಥಾಪಿಸುವ ಈ ವಿದ್ಯೆಗೆ ಪುನರುಜ್ಜೀವನ ಎಂಬ ಹೆಸರು ಒಪ್ಪುವುದಿಲ್ಲ.

ಇನ್ನು ಹಳ್ಳಿಯ ಸಣ್ಣಾಟ. ಬೈಲಹೊಂಗಲದ ಕಥೆಯಾದ ‘ಸಂಗ್ಯಾ ಬಾಳ್ಯಾ’ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳಗಿನವರೆಗೂ ನಡೆಯುವ ಆಟ. ಸಂಗ್ಯಾ ಪರರ ಹೆಂಡತಿ ಗಂಗಿಗೆ ಮನಸೋಲುತ್ತಾನೆ, ಗೆಳೆಯ ಬಾಳ್ಯಾ ಕಡೆಗೆ ಅವನನ್ನು ಸಾವಿನ ಕೈಗೆ ಒಪ್ಪಿಸುತ್ತಾನೆ. ಇದನ್ನು ನಾವು ಗೆಳೆತನದ ದ್ರೋಹದ ಕಥೆಯೆಂದೇ ಓದುತ್ತ ಬಂದಿದ್ದೇವೆ. ಹಾಗೆ ಓದಲು ಹೇಳಿಕೊಟ್ಟವರಲ್ಲಿ ಗಂಗಿಯ ಪಾತ್ರ ಮಾಡಿದ ಗಂಡಸೂ ಒಬ್ಬ ಎಂಬುದು ನನ್ನ ಅನುಮಾನ. ಗಂಡಸು ಗಂಗಿಯಾದಾಗ ಸಭೆ ಅವಳ ಬಳುಕಿಗೆ ಸಿಳ್ಳೆ ಹೊಡೆಯುತ್ತದೆ, ಅವಳ ಹಿಂಜರಿಕೆ ತಮಾಷೆಯಾಗುತ್ತದೆ. ಸೆರಗು ಸರಿಮಾಡಿಕೊಳ್ಳುವ ಒಂದು ಚೇಷ್ಟೆಗೆ ಆಯೇರಿ ಬೀಳುತ್ತದೆ, ಪದದ ಮುಂದಿನ ಸಾಲು ಆ ಗದ್ದಲದಲ್ಲಿ ಮುಳುಗುತ್ತದೆ. ಹಾಡುಬಲ್ಲ ಹೆಣ್ಣುಮಗಳು ಅದೇ ಪದವನ್ನು ನಿಧಾನ ಲಯದಲ್ಲಿ ಎತ್ತಿಕೊಂಡರೆ, ಇಷ್ಟೆಲ್ಲ ಗಂಡಸರು ತನ್ನ ಸಲುವಾಗಿ ಮಾತಾಡಿಕೊಂಡರೂ ತನ್ನನ್ನು ಕೇಳಿದವರು ಯಾರು ಎಂಬ ಪ್ರಶ್ನೆ ಕೇಳತೊಡಗುತ್ತದೆ. ಆಟದ ಒಂದು ಪದವನ್ನೂ ತಿದ್ದಬೇಕಿಲ್ಲ. ಪಾರ್ಟು ಯಾರಿಗೆ ಎಂಬ ಒಂದು ನಿರ್ಧಾರ ಕಥೆಯ ತೂಕವನ್ನೇ ಬದಲಿಸುತ್ತದೆ. ಪಾತ್ರಹಂಚಿಕೆಯೂ ಒಂದು ವಿಮರ್ಶೆ ಎನ್ನುವುದು ಈ ಅರ್ಥದಲ್ಲಿ.

ಈಗಿನ ಹಳ್ಳಿಯ ರೂಢಿ ಬೇರೆಯೇ ಇದೆ. ನವಲಗುಂದ, ಅಣ್ಣಿಗೇರಿ, ಕಲಘಟಗಿ ಕಡೆಯ ಊರುಗಳಲ್ಲಿ ಜಾತ್ರೆಗೆ ನಾಟಕ ಹಾಕುವ ತರುಣರು ತಿಂಗಳುಗಟ್ಟಲೆ ಗುಡಿಯ ಪೌಳಿಯಲ್ಲಿ ತಾಲೀಮು ಮಾಡುತ್ತಾರೆ. ಗಂಡುಪಾತ್ರಗಳಿಗೆಲ್ಲ ಊರಿನವರೇ. ಹೆಣ್ಣುಪಾತ್ರಕ್ಕೆ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಅವರು ಕೊನೆಯ ಒಂದೆರಡು ತಾಲೀಮಿಗೆ ಬಂದು, ರಾತ್ರಿ ಆಟ ಮುಗಿಸಿ, ಬೆಳಗಿನ ಬಸ್ಸಿಗೆ ಮುಂದಿನ ಊರಿಗೆ ಹೋಗುತ್ತಾರೆ. ನಾಟಕವನ್ನು ಎತ್ತಿಹಿಡಿಯುವುದು ಹೆಚ್ಚಿನ ಸಲ ಅವರ ಹಾಡೇ. ಆದರೂ ಊರಿನವರ ಕಣ್ಣಿನಲ್ಲಿ ಅವರು ಬಾಡಿಗೆಗೆ ಬಂದವರು. ಸೀರೆಯುಟ್ಟ ಗಂಡಸಿನ ಕಾಲ ಮುಗಿದಿದೆ. ಊರ ಹೆಣ್ಣುಮಗಳು ಊರ ರಂಗಕ್ಕೆ ಏರುವ ಕಾಲ ಇನ್ನೂ ಬಂದಿಲ್ಲ. ನೂರು ವರ್ಷದ ಹಿಂದಿನ ಕಟ್ಟುಪಾಡು ಇಲ್ಲಿ ಆಕಾರ ಬದಲಿಸಿ ಬದುಕಿದೆ.

ಕಂಠದ ಕೊರತೆಯಂತೂ ಈ ಊರುಗಳಿಗೆ ಇಲ್ಲ. ಬೀಸುವ ಕಲ್ಲಿನ ಪದ, ಸೋಬಾನೆ, ಗುಡಿಯ ಭಜನೆ ಇವೆಲ್ಲ ಹೆಂಗಸರ ದನಿಯಲ್ಲೇ ಉಳಿದು ಬಂದಿವೆ. ಮದುವೆಯ ಚಪ್ಪರದಲ್ಲಿ ಮೈಕು ಇಲ್ಲದೆ ಓಣಿಯ ತುದಿಗೆ ಕೇಳುವಂತೆ ಹಾಡುವ ಹೆಂಗಸು ಕಂಪನಿ ಮಾಲೀಕನ ಪರೀಕ್ಷೆಯಲ್ಲಿ ಮೊದಲ ದಿನವೇ ಪಾಸಾಗುತ್ತಿದ್ದಳು. ಹಾಗಾಗಿ ನಿಜವಾದ ವಿನೂತನ ಪ್ರಯೋಗ ಬೇಕೆನ್ನುವವರು ಗಂಡಸಿಗೆ ಮತ್ತೆ ಸವರಿ ಕಟ್ಟಿ ಹಳೆಯ ವೈಭವ ತಂದೆವು ಎನ್ನುವುದರಲ್ಲಿ ಹೊಸತೇನೂ ಇಲ್ಲ. ಅದನ್ನು ರಾಮಭಾವು ಇವರಿಗಿಂತ ಚೆನ್ನಾಗಿ ಮಾಡಿ ಹೋಗಿದ್ದಾರೆ. ಗಂಗಿಯ ಪಾರ್ಟನ್ನು ಅದೇ ಊರಿನ ಸೊಸೆಗೋ ಮಗಳಿಗೋ ಕೊಟ್ಟು, ಬಾಳ್ಯಾನ ಪಾರ್ಟಿಗೂ ಅವಳ ಓರಗೆಯವಳ ದನಿಯನ್ನು ಪರೀಕ್ಷಿಸಿ, ಮಾವ–ಮೈದುನರು ಮುಂದಿನ ಸಾಲಿನಲ್ಲಿ ಕೂತು ಕೇಳುವಂತೆ ಮಾಡಿದರೆ ಅದು ಈ ಸೀಮೆ ಇನ್ನೂ ಮಾಡದಿರುವ ಪಾತ್ರಹಂಚಿಕೆ. ಕಂಪನಿಗಳು ದನಿಯನ್ನು ನಂಬಿದವು, ಆದರೆ ಎಲ್ಲರ ದನಿಯನ್ನು ನಂಬಲಿಲ್ಲ. ಆ ಬಾಕಿ ತೀರಿಸುವ ಮರುಪ್ರಯೋಗಕ್ಕೆ ಮಾತ್ರ ಪರಂಪರೆಯ ಹೆಸರು ಹೇಳುವ ಹಕ್ಕು ಉಂಟು.