ಇದ್ದುದರಲ್ಲೇ ಹೊಂದಿಸಿಕೊಳ್ಳುವ ಜಾಣತನ

ಸೆಮಿ-ಕಸ್ಟಮ್ ಚಿಪ್‌ನಲ್ಲಿ ಟ್ರಾನ್ಸಿಸ್ಟರ್, ರೆಸಿಸ್ಟರ್‌ಗಳೆಲ್ಲ ಮೊದಲೇ ಸಿಲಿಕಾನ್‌ನಲ್ಲಿ ಕೂತುಬಿಟ್ಟಿರುತ್ತವೆ. ವಿನ್ಯಾಸಕರ ಕೈಗೆ ಉಳಿಯುವುದು ಮೇಲಿನ ಲೋಹದ ಪದರಗಳು ಮಾತ್ರ; ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಎಂಬುದಷ್ಟೇ ಅವರ ತೀರ್ಮಾನ. ಇದರಿಂದ ಖರ್ಚು, ಕಾಯುವಿಕೆ ಎರಡೂ ಇಳಿಯುತ್ತವೆ, ಸರಿ. ನನ್ನನ್ನು ಸೆಳೆಯುವುದು ಈ ಕಟ್ಟುಪಾಡಿನೊಳಗೇ ಮೈಕ್ರೋವೇವ್ ರಿಸೀವರ್ ಕಟ್ಟುವವರ ಕೈಚಳಕ.

ಜಿಪಿಎಸ್ ನೋಡಿ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಬರುವ ಸಂಕೇತ ಎಷ್ಟು ಬಡಕಲು! ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಪಾಲು ಮಾಡಿದರೆ, ಆ ಚೂರಿನ ನೂರನೇ ಒಂದರಷ್ಟು. ರಿಸೀವರಿನ ಸ್ವಂತ ಗದ್ದಲದಲ್ಲೇ ಅದು ಮುಳುಗಿರುತ್ತದೆ. ಹಾಗಾಗಿ ಮೊದಲ ಆಂಪ್ಲಿಫೈಯರ್ ಆದಷ್ಟೂ ಮೌನಿಯಾಗಿರಬೇಕು. ಬೇಕಾದ ಅಳತೆಯ ಟ್ರಾನ್ಸಿಸ್ಟರ್ ಇಲ್ಲವೇ? ನಾಲ್ಕಾರನ್ನು ಸಮಾಂತರವಾಗಿ ಜೋಡಿಸಿದರೆ ಬೇಸ್ ರೋಧ ಇಳಿದು ಗದ್ದಲವೂ ತಗ್ಗುತ್ತದೆ.

ಆಂಪ್ಲಿಫೈಯರ್ ನಂತರ ಬರುವುದು ಸಂಕೇತದ ಆವರ್ತನವನ್ನು ಇಳಿಸುವ ಮಿಕ್ಸರ್. ಅದಕ್ಕೆ ಎಂಜಿನಿಯರ್ ಬ್ಯಾರಿ ಗಿಲ್ಬರ್ಟ್ 1968ರಲ್ಲಿ ಪ್ರಕಟಿಸಿದ ಸರ್ಕ್ಯೂಟೇ ಸಾಕು. ಆ ಸರ್ಕ್ಯೂಟಿಗೆ ಬೇಕಾದದ್ದು ಒಂದನ್ನೊಂದು ಹೋಲುವ ಟ್ರಾನ್ಸಿಸ್ಟರ್‌ಗಳು. ಒಂದೇ ಚಿಪ್‌ನಲ್ಲಿ ಅಕ್ಕಪಕ್ಕದಲ್ಲೇ ಹುಟ್ಟಿದ ಟ್ರಾನ್ಸಿಸ್ಟರ್‌ಗಳು ಅವಳಿಗಳಂತೆಯೇ ಇರುತ್ತವೆ.

ನನಗೆ ಅತಿ ಇಷ್ಟವಾದದ್ದು ಬಾಂಡ್ ತಂತಿ. ಚಿಪ್ಪನ್ನು ಪಿನ್ನಿಗೆ ಕಟ್ಟುವ ಈ ಕೂದಲೆಳೆಗೆ ಮಿಲಿಮೀಟರಿಗೆ ಸುಮಾರು ಒಂದು ನ್ಯಾನೊಹೆನ್ರಿ ಇಂಡಕ್ಟನ್ಸ್. ಮಾಮೂಲಿಯಾಗಿ ಅದು ಪೀಡೆ. ಪಳಗಿದವರು ಅದನ್ನೇ ಲೆಕ್ಕಕ್ಕೆ ಹಿಡಿದು, ಆಂಟೆನಾಗೆ ಹೊಂದಿಸುವ ಇಂಡಕ್ಟರ್ ಆಗಿ ದುಡಿಸಿಕೊಳ್ಳುತ್ತಾರೆ.